ಖಾಲಿ ಮನೆಗಳ ಮಾಮಾ

ನಮ್ಮ ಸೋದರಮಾವನಿಗೆ ಒಂದು ಚಟವಿದೆ. ಗಾಬರಿಯಾಗಬೇಡಿ, ಎಲೆ ಅಡಿಕೆಯನ್ನೂ ಮುಟ್ಟದ ಮನುಷ್ಯ! ಅವರ ಚಟವೆಂದರೆ ಬಾಡಿಗೆ ಮನೆ ನೋಡುವುದು. ಬಾಡಿಗೆಗೆ ಹೋಗುವುದಲ್ಲ, ಬರೀ ನೋಡುವುದು. ಸೊಲ್ಲಾಪುರದ ಯಾವ ಗಲ್ಲಿಯಲ್ಲಾದರೂ ‘ಭಾಡ್ಯಾನೆ ದೇಣೆ ಆಹೆ’, ಅಂದರೆ ಬಾಡಿಗೆಗಿದೆ, ಎಂಬ ಮರಾಠಿ ಹಲಗೆ ಕಂಡರೆ ಸಾಕು, ಅವರ ಸೈಕಲ್ಲು ತಾನೇ ನಿಂತುಬಿಡುತ್ತದೆ. ಹಾಗಾದರೆ ಅವರಿಗೆ ಮನೆಯಿಲ್ಲವೆ? ಇದೆ. ಒಂದೇ ಖೋಲಿ, ಅಂದರೆ ಒಂದೇ ಕೋಣೆ. ಅದರಲ್ಲಿ ಮಾಮಾ, ಅತ್ತೆ, ಮಗ, ಸೊಸೆ, ಎರಡು ಮೊಮ್ಮಕ್ಕಳು. ಕೈಚಾಚಿದರೆ ಯಾರದೋ ಮೂಗಿಗೆ ತಾಗುವಂಥ ಮನೆಯಲ್ಲಿ ಇದ್ದವರಿಗೆ ಖಾಲಿ ಖೋಲಿ ನೋಡುವುದೆಂದರೆ ಸಿನಿಮಾ ನೋಡಿದಷ್ಟು ಸುಖವಿದ್ದೀತು.

ಆ ನೋಡುವುದಕ್ಕೂ ಒಂದು ಶಾಸ್ತ್ರವಿದೆ. ಮೊದಲು ಬೆರಳಗಂಟಿನಿಂದ ಗೋಡೆ ಬಡಿದು ಕಿವಿಗೊಡಬೇಕು. ಆಮೇಲೆ, “ನಳಕ್ಕ ನೀರ ಎಷ್ಟ ದಿವಸಕ್ಕೊಮ್ಮಿ ಬರ್ತಾವ್ರಿ?” ನಾಲ್ಕೈದು ದಿನಕ್ಕೊಮ್ಮೆ ನೀರಿನ ಮುಖ ಕಾಣುವ ನಮ್ಮೂರಿನಲ್ಲಿ ಇದು ಜಾತಕ ಕೇಳಿದಷ್ಟೇ ಗಂಭೀರ ಪ್ರಶ್ನೆ. ಕೊನೆಗೆ ನಡುಮನೆಯ ನೆಲದ ಮೇಲೆ ಅಂಗಾತ ಮಲಗಿ ಗಾಳಿಯ ಪರೀಕ್ಷೆ! ಒಮ್ಮೆ ಹೀಗೆ ಮಲಗಿದವರಿಗೆ ನಿದ್ದೆ ಹತ್ತಿತು. ಮಾಲಕ ಇವರನ್ನು ಮರೆತು ಕೀಲಿ ಹಾಕಿಕೊಂಡು ಹೋದ. ಸಂಜೆ ಇನ್ನೊಬ್ಬರಿಗೆ ಮನೆ ತೋರಿಸಲೆಂದು ಬಾಗಿಲು ತೆರೆದರೆ ಒಳಗಿನಿಂದ ಮಾಮಾ, “ಬರ್ರಿ ಬರ್ರಿ, ಗಾಳಿ ಛಲೋ ಐತಿ, ಸೊಳ್ಳಿ ಅಷ್ಟ ಜಾಸ್ತಿ” ಅಂದರಂತೆ. ಬಂದವನು ಮೆಟ್ಟಿಲಿಳಿದು ಓಡಿದ.

ಇಂಥವರ ಕೈಗೆ ಸಿಕ್ಕವನು ಸುಡಾನ್ ದೇಶದ ಒಬ್ಬ ತರುಣ. ನಮ್ಮೂರಿನಲ್ಲಿ ಔಷಧಶಾಸ್ತ್ರ ಓದುತ್ತಿದ್ದ. ಅವನಿದ್ದ ಹಳೆಯ ಕಟ್ಟಡವನ್ನು ಕೆಡವಲು ಹೊರಟಿದ್ದರು. ಹೊಸ ಮನೆಯ ಕರಾರುಪತ್ರ ಕೊಡದಿದ್ದರೆ ವೀಸಾ ಮುಂದುವರಿಯುವುದಿಲ್ಲ, ವೀಸಾ ಇಲ್ಲದಿದ್ದರೆ ದೇಶ ಬಿಡಬೇಕು. ಬಿಟ್ಟು ಹೋಗುವುದಾದರೂ ಎಲ್ಲಿಗೆ? ಅವನ ಊರಿನಲ್ಲಿ ಯುದ್ಧ. ಮನೆಯಿದ್ದ ಓಣಿಯೇ ಈಗಿಲ್ಲ. ಅವನ ಕೈಯಲ್ಲಿ ಉಳಿದದ್ದು ಇಪ್ಪತ್ತು ದಿನ.

ಮಾಮಾ ಅವನನ್ನು ಕಂಡದ್ದು ಒಂದು ಬಾಡಿಗೆ ಹಲಗೆಯ ಕೆಳಗೆ. “ಮನಿ ಕೊಟ್ಟಾಗೇತಿ” ಎಂದು ಅವನನ್ನು ಸಾಗಹಾಕಿದ ಮಾಲಕಿ, ಬೆನ್ನಿಗೇ ಬಂದ ಮಾಮಾನಿಗೆ “ಬರ್ರಿ, ಖಾಲಿ ಐತಿ” ಅಂದಳಂತೆ. ಮಾಮಾ ಅಂದು ಗೋಡೆ ಬಡಿಯಲಿಲ್ಲ, ನೀರು ಕೇಳಲಿಲ್ಲ. ಆರಡಿಗೂ ಮೀರಿದ ಆ ಆಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು, ಅವನ ಕಾಲು ನೆಲಕ್ಕೆ ಉಜ್ಜುತ್ತಿರುವಂತೆಯೇ, ನೇರ ನಮ್ಮ ಮನೆಗೆ ಬಂದು ನನಗೆ ಅಂದರು, “ಚಹಾ ಮಾಡವ್ವ. ಇವಗ ಮನಿ ಹುಡುಕಾಕತ್ತೀನಿ. ಎರಡ ದಿವಸ ಸಾಕು!”

ಚಹಾ ಕುಡಿಯುತ್ತಾ ಒಂದು ಸಂಗತಿ ಹೊರಬಿತ್ತು. ಆ ತರುಣನ ಅಜ್ಜ ಕುರಿ ಸಾಕಿದವನು! ಮಾಮಾ ಅಕ್ಕಲಕೋಟ ತಾಲೂಕಿನ ಹನ್ನೂರಿನವರು, ಕುರುಬರ ದೇವರು ಬೀರೋಬಾನ ಒಕ್ಕಲು, ಹುಟ್ಟಿದ್ದೇ ಕುರಿಹಟ್ಟಿಯ ಪಕ್ಕ. ಕುಣಿಯುವುದೊಂದು ಬಾಕಿ. “ಕುರಿ ಕಾಯೋರು ಅಂದ ಮ್ಯಾಲೆ ನಮ್ಮ ಮಂದಿನ ಆತಲ್ಲ!” ಮರುದಿನ ಒಬ್ಬ ಮಾಲಕ “ಯಾವ ಮಂದಿ?” ಎಂದು ಕೇಳಿದಾಗ ಮಾಮಾ ಎದೆಯುಬ್ಬಿಸಿ “ನಮ್ಮ ಪೈಕಿ” ಅಂದರು. ಮಾಲಕ ತರುಣನನ್ನು ಮೇಲಿಂದ ಕೆಳಗೆ ನೋಡಿದ.

“ನಿಮ್ಮ ಪೈಕಿ ಇಷ್ಟ ಕರ್ರಗ ಇರ್ತಾರೇನು?”

“ದಿನಾ ಬಿಸಲಾಗ ಕುರಿ ಕಾಯಾಕ ಬರ್ರಿ, ನೀವೂ ಹಿಂಗ ಆಗ್ತೀರಿ!”

ಬಾಗಿಲು ಮುಚ್ಚಿತು.

ಇನ್ನೊಂದು ಮನೆಯಲ್ಲಿ ಚಹಾ ಬಂತು. ಮಾಮಾನಿಗೆ ಸ್ಟೀಲಿನ ಲೋಟ, ಅವನಿಗೆ ಕಾಗದದ್ದು. ಮಾಮಾ ಎರಡನ್ನೂ ಅದಲುಬದಲು ಮಾಡಿದರು. ಮನೆಯಂತೂ ಸಿಗಲಿಲ್ಲ. “ಚಹಾದಾಗ ಸಕ್ಕರಿನೂ ಇದ್ದಿಲ್ಲ ಬಿಡು” ಅಂದರು ನನ್ನೆದುರು. ನಾನು ಆ ಮನೆಯವಳನ್ನು ಬಾಯಿತುಂಬ ಬೈದೆ. ಮತ್ತೊಬ್ಬ ಮಾಲಕ ಪಾಪ, ಒಪ್ಪಿಯೇ ಒಪ್ಪಿದ. ಮರುದಿನ ಕೀಲಿಕೈ ತರಲು ಹೋದರೆ ಮುಖ ತಿರುಗಿಸಿದ. “ನಂದೇನಿಲ್ರಿ, ಆಜೂಬಾಜೂದವರು ಬ್ಯಾಡಂತಾರ.” ಮಾಮಾ ಬಿಡುತ್ತಾರೆಯೆ? ಪಕ್ಕದ ಮನೆಗೆ ಹೋದರು. “ನಂದೇನಿಲ್ರಿ, ಬಾಜೂದವರು...” ಅದರ ಪಕ್ಕದ ಮನೆಯಲ್ಲೂ ಅದೇ ಮಾತು. ಹೀಗೆ ಇಡೀ ಗಲ್ಲಿ ಸುತ್ತಿ ಕೊನೆಗೆ ಬಂದು ನಿಂತದ್ದು ಮೊದಲ ಮಾಲಕನ ಬಾಗಿಲಿಗೇ! ಬೇಡ ಅಂದವರು ಆ ಗಲ್ಲಿಯಲ್ಲಿ ಒಬ್ಬರೂ ಇರಲಿಲ್ಲ. ಮನೆ ಮಾತ್ರ ಸಿಗಲಿಲ್ಲ.

ಮಾಮಾ ತಮ್ಮ ಮನೆಯ ವಿಳಾಸವನ್ನೇ ಕೊಟ್ಟು ನೋಡಿದರು. ವೀಸಾ ಕಚೇರಿಯ ಗುಮಾಸ್ತ ಮನೆಯ ಅಳತೆ ಕೇಳಿದ, ಜನರ ಲೆಕ್ಕ ಕೇಳಿದ, ಆಮೇಲೆ ಕೇಳಿದ: “ಆರು ಮಂದಿ ಸರಿ, ಏಳನೇದಾವ ಎಲ್ಲಿ ಮಕ್ಕೋತಾನ? ಗ್ವಾಡಿ ಮ್ಯಾಲೇನು?” ಮಾಮಾ ಇದನ್ನೂ ನಮ್ಮ ಮುಂದೆ ಅಭಿನಯಿಸಿ ತೋರಿಸಿದರು. ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ತರುಣನೂ ನಕ್ಕ, ಅರ್ಥವಾಗದೆ.

ಹದಿನೇಳನೆಯ ದಿನ ಮಾಮಾ ಕೊನೆಯ ಅಸ್ತ್ರ ತೆಗೆದರು. “ಇನ್ನ ಅಕ್ಕಲಕೋಟನ ಗತಿ. ಅಲ್ಲಿ ಸ್ವಾಮಿಗಳ ಮಠಕ್ಕ ದೇಶದ ಮಂದೆಲ್ಲಾ ಬರ್ತಾರ. ನಮ್ಮ ತಾಲೂಕ ಅದು, ಬಂದಾವಗ ಇಲ್ಲ ಅನ್ನೂ ಊರಲ್ಲ.” ಇಬ್ಬರೂ ಬಸ್ಸು ಹತ್ತಿದರು. ಅಲ್ಲಿ ಮಾಮಾನ ಬಾಲ್ಯದ ಗೆಳೆಯನೊಬ್ಬನಿದ್ದ. ಸಾಲೆಯಲ್ಲಿ ಒಂದೇ ಬುತ್ತಿಯ ರೊಟ್ಟಿ ಮುರಿದು ತಿಂದವರು. ಅವನ ಮಾಳಿಗೆಯ ಮೇಲೆ ಎರಡು ಖೋಲಿ ಖಾಲಿ. ಆ ಗೆಳೆಯ ಇವರನ್ನು ಒಳಗೂ ಕರೆಯಲಿಲ್ಲ, ಹೊಸ್ತಿಲಲ್ಲೇ ನಿಂತು ಮಾತಾಡಿ ಕಳಿಸಿದ. ತಿರುಗಿ ಬರುವಾಗ ಬಸ್ಸಿನಲ್ಲಿ ತರುಣನೇ ಮಾಮಾನ ಕೈ ಹಿಡಿದುಕೊಂಡು, ತಾನು ಕಲಿತಿದ್ದ ಅರೆಬರೆ ಹಿಂದಿಯಲ್ಲಿ, “ಬಸ್ ಮಾಮಾ, ಔರ್ ಮತ್ ಪೂಛೋ” ಅಂದನಂತೆ. ಸಾಕು ಮಾಮಾ, ಇನ್ನು ಯಾರನ್ನೂ ಕೇಳಬೇಡಿ.

ಮರುದಿನ ಇಬ್ಬರೂ ನಮ್ಮ ಮನೆಗೆ ಬಂದರು. ಉಳಿದದ್ದು ಎರಡೇ ದಿನ. ಮಾಮಾ ಯಾರ ಅಭಿನಯವನ್ನೂ ಮಾಡಲಿಲ್ಲ. ತರುಣ ಇನ್ನು ಊರಿಗೆ ಹೊರಡುವವನ ಹಾಗೆ ನನಗೆ ಕೈಮುಗಿದು, ಇಷ್ಟು ದಿನದ ಚಹಾಕ್ಕೆಲ್ಲ ಧನ್ಯವಾದ ಹೇಳಿದ.

ಇಷ್ಟು ಹೊತ್ತು ನಗುನಗುತ್ತಾ ಹೇಳಿದ ನಾನು ಒಂದು ಮಾತು ಮುಚ್ಚಿಟ್ಟಿದ್ದೇನೆ. ನಮ್ಮ ಮನೆಯ ಮೇಲೂ ಒಂದು ಖೋಲಿ ಖಾಲಿ ಇದೆ. ನವಿ ಪೇಠದ ನಮ್ಮ ಬಟ್ಟೆ ಅಂಗಡಿಯ ಹಳೆಯ ರಟ್ಟಿನ ಪೆಟ್ಟಿಗೆಗಳು ಬಿದ್ದಿವೆ, ಅಷ್ಟೇ. ಮನೆ ನನ್ನ ಹೆಸರಿನಲ್ಲೇ ಇದೆ, ಯಾರ ಅಪ್ಪಣೆಯೂ ಬೇಕಾಗಿಲ್ಲ. ಹದಿನೆಂಟು ದಿನ ಅವರಿಬ್ಬರೂ ನಮ್ಮಲ್ಲಿ ಚಹಾ ಕುಡಿದು ಬೇರೆ ಮನೆ ಹುಡುಕಲು ಹೋದರು. ಹದಿನೆಂಟು ದಿನವೂ ನಾನು “ಪಾಪ” ಅಂದೆ. ಗಲ್ಲಿಯವರೇನು ಅಂದಾರು, ಗಿರಾಕಿಗಳೇನು ಅಂದಾರು ಎಂದು ಒಳಗೊಳಗೇ ಹೆದರಿದೆ. ಆ ಕಾಗದದ ಲೋಟದವಳನ್ನು ಬೈದೆನಲ್ಲ, ಅವಳಿಗಿಂತ ನಾನು ಯಾವುದರಲ್ಲಿ ಮೇಲು? ನನಗೆ ತಲೆಯೆತ್ತಲಾಗದಷ್ಟು ನಾಚಿಕೆಯಾಯಿತು.

“ಮಾಮಾ, ಮ್ಯಾಲಿನ ಖೋಲಿ ನಿಮಗ ಗೊತ್ತಿತ್ತಲ್ಲ. ನನಗ್ಯಾಕ ಕೇಳಲಿಲ್ರಿ?”

ಮಾಮಾ ಚಹಾದ ಬಸಿ ಕೆಳಗಿಟ್ಟರು.

“ಮಂದಿ ಇಲ್ಲ ಅಂದ್ರು, ತಡಕೊಂಡ್ನಿ. ದೋಸ್ತ ಇಲ್ಲ ಅಂದ, ಅದನ್ನೂ ತಡಕೊಂಡ್ನಿ. ನೀ ನನ್ನ ಹೆಗಲ ಮ್ಯಾಲೆ ಬೆಳದ ಕೂಸು. ನೀನೂ ಇಲ್ಲ ಅಂದ್ರ ಹೆಂಗ ತಡಕೊಳ್ಳಲಿ ನಮ್ಮವ್ವ? ಅದಕ್ಕ ಕೇಳಲಿಲ್ಲ.”

“ಕೊಡ್ತೀನಿ ಮಾಮಾ” ಅಂದೆ. ಅದು ನನಗೇ ಸರಿಯಾಗಿ ಕೇಳಿಸಲಿಲ್ಲ.

ಮಾಮಾ ನನ್ನ ಮುಖವನ್ನೇ ನೋಡಿದರು. ಆಮೇಲೆ, “ಇನ್ನೊಮ್ಮಿ ಅನ್ನವ್ವ” ಎಂದರು. “ಅವನೂ ಕೇಳ್ಲಿ.”

ನಾನು ಆ ತರುಣನ ಕಡೆ ತಿರುಗಿ, ಈ ಸಲ ಗಟ್ಟಿಯಾಗಿ ಅಂದೆ.