ಈ ಒರಳು ಯಾರಿಗೆ ಬೇಕು?

ತಾನು ಮಾರುವ ಸಾಮಾನನ್ನು ಕೊಳ್ಳಬೇಡಿ ಎಂದು ಜಗತ್ತಿಗೆಲ್ಲ ತಿಳಿಹೇಳಿ, ಅದಕ್ಕೆ ಜಾಹೀರಾತು ಎಂದು ಹೆಸರಿಟ್ಟ ವ್ಯಾಪಾರಿಯನ್ನು ನೀವು ನೋಡಿದ್ದೀರಾ? ನಾನು ನೋಡಿದ್ದೇನೆ. ನೋಡುವುದೇನು ಬಂತು, ಅವರು ನನ್ನ ಸೋದರಮಾವ. ಆ ಜಾಹೀರಾತುಗಳನ್ನೆಲ್ಲ ಕಂಪ್ಯೂಟರಿನಲ್ಲಿ ಟೈಪ್ ಮಾಡಿದ ಪಾಪಿಯೂ ನಾನೇ!

ಮಾವ ಹರಿಹರದ ಒಂದು ಕಾರ್ಖಾನೆಯಲ್ಲಿ ಲೇತ್ ಯಂತ್ರದ ಮುಂದೆ ಮೂವತ್ತು ವರ್ಷ ನಿಂತು ನಿವೃತ್ತರಾದವರು. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಸಹಿಸದ ಸ್ವಭಾವ. ಚಹಾಕ್ಕೆ ಸಕ್ಕರೆ ಹಾಕುವಾಗಲೂ ಚಮಚವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ನೋಡುತ್ತಿದ್ದರು. ಇಂಥವರು ಮನೆಯಲ್ಲಿ ಸುಮ್ಮನೆ ಕೂತಾರೆಯೇ? ಒತ್ತು ಶಾವಿಗೆ ಮಾಡುವ ತಿರುಪಿನ ಒರಳೊಂದನ್ನು ತಾವೇ ರೂಪಿಸಿದರು. ಗುತ್ತೂರಿನ ಒಂದು ಶೆಡ್ಡಿನಲ್ಲಿ ಹದಿನಾರು ಎರಕ ಹೊಯ್ಯಿಸಿ ತಂದು, ಪಡಸಾಲೆಯಲ್ಲಿ ಸಾಲಾಗಿ ನಿಲ್ಲಿಸಿ, ಮೇಲೆ ಹಳೆಯ ಹೊದಿಕೆ ಮುಚ್ಚಿದರು. ಮನೆಗೆ ಬಂದವರು ಅದನ್ನು ಹೊಸ ಬಗೆಯ ಬೆಂಚು ಎಂದುಕೊಂಡು ಕೂರಲು ಹೋಗಿ ಚುಚ್ಚಿಸಿಕೊಳ್ಳುತ್ತಿದ್ದರು.

ಅದೇನು ಅಂಥ ದೊಡ್ಡ ಆವಿಷ್ಕಾರ ಎಂದು ಕೇಳಬೇಡಿ. ಹಳೆಯ ಮರದ ಒರಳಿನಲ್ಲಿ ಶಾವಿಗೆ ಎಂದರೆ ಇಬ್ಬರ ಕೆಲಸ. ಒಬ್ಬರು ಬೆಂದ ಹಿಟ್ಟಿನ ಬಿಸಿ ಉಂಡೆ ಹಾಕಬೇಕು, ಇನ್ನೊಬ್ಬರು ಭಾರಕ್ಕೆಂದು ಉದ್ದನೆಯ ಸನ್ನೆಮರದ ತುದಿಯಲ್ಲಿ ಕೂರಬೇಕು. ನಮ್ಮ ಮಾವ ಕೂತರೆ ಯಾರೋ ಕೂತಿದ್ದಾರೆ ಎಂಬ ಸಂಗತಿಯೇ ಸನ್ನೆಮರಕ್ಕೆ ಗೊತ್ತಾಗುತ್ತಿರಲಿಲ್ಲ! ಅಷ್ಟು ಸಣಕಲು. ಹಾಗಾಗಿ ಹಬ್ಬ ಬಂತೆಂದರೆ ಅತ್ತೆ ಪಕ್ಕದ ಮನೆಯ ಜೈನಬಿಯನ್ನು ಕರೆಯುತ್ತಿದ್ದರು. ಜೈನಬಿ ಕೂತು ಒಮ್ಮೆ ಉಸಿರು ಬಿಟ್ಟರೆ ಸಾಕು, ಕೆಳಗೆ ಶಾವಿಗೆ ಸರಸರ ಇಳಿಯುತ್ತಿತ್ತು. ಆಕೆ ಊರಿನಲ್ಲಿಲ್ಲದ ದಿನ ಅತ್ತೆಯೇ ಎರಡೂ ಕೈಯಿಂದ ಜಗ್ಗಿ ಒತ್ತುತ್ತಿದ್ದರು.

ತೊಂಬತ್ತರ ದಶಕದ ಕೊನೆಯ ಮಾತು. ನಾನಾಗ ದಾವಣಗೆರೆಯಲ್ಲಿ ಟೈಪಿಂಗ್ ಕಲಿಸುತ್ತಿದ್ದೆ. ಪಕ್ಕದಲ್ಲೇ ಒಂದು ಇಂಟರ್ನೆಟ್ ಸೆಂಟರ್ ಶುರುವಾಗಿತ್ತು. ಚಪ್ಪಲಿ ಹೊರಗೆ ಬಿಟ್ಟು, ಗುಡಿಗೆ ಹೋದಂತೆ ಒಳಗೆ ಹೋಗಬೇಕಿತ್ತು. ಇಂಟರ್ನೆಟ್ಟಿನಲ್ಲಿ ಬಿಟ್ಟಿ ಜಾಗ ಸಿಗುತ್ತದೆಂದು ಮಾವನ ಒರಳಿಗೊಂದು ವೆಬ್ ಪುಟ ಮಾಡಿಕೊಟ್ಟೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಯಾವುದೋ ಕಂಪ್ಯೂಟರ್ ಪತ್ರಿಕೆಯಲ್ಲಿದ್ದ ಉಪದೇಶವನ್ನೂ ಅವರಿಗೆ ಓದಿ ಹೇಳಿದೆ: ಇಂಟರ್ನೆಟ್ಟಿನಲ್ಲಿ ವ್ಯಾಪಾರ ಬೆಳೆಯಬೇಕಾದರೆ ಜನರಿಗೆ ನಿಜವಾಗಿ ಉಪಯೋಗವಾಗುವ ಪುಟ್ಟ ಪುಟ್ಟ ಲೇಖನ ಬರೆಯಬೇಕು, ಮುನ್ನೂರು ಪದ ಮೀರಬಾರದು, ಕೊನೆಯಲ್ಲಿ ಮಾತ್ರ ನಮ್ಮ ಸರಕಿನ ಬಗ್ಗೆ ಎರಡು ಸಾಲು.

ಮಾವ ಇದನ್ನು ದೀಕ್ಷೆಯಂತೆ ತೆಗೆದುಕೊಂಡರು.

ಪ್ರತಿ ಶನಿವಾರ ಹರಿಹರದಿಂದ ಬಸ್ಸಿನಲ್ಲಿ ಬರುತ್ತಿದ್ದರು. ಬಗಲಲ್ಲಿ ಹಳೆಯ ಕ್ಯಾಲೆಂಡರಿನ ಹಾಳೆ, ಅದರ ಹಿಂಬದಿಯಲ್ಲಿ ಲೇಖನ. ಬಸ್ ಸ್ಟ್ಯಾಂಡಿನಲ್ಲಿ ಒಂದು ಪೊಟ್ಟಣ ಮಂಡಕ್ಕಿ ಕೊಳ್ಳುವುದು ತಿನ್ನಲಿಕ್ಕಲ್ಲ, ಪದ ಎಣಿಸಲಿಕ್ಕೆ! ನನ್ನ ಮೇಜಿನ ಮೇಲೆ ಪದಕ್ಕೊಂದು ಮಂಡಕ್ಕಿ ಇಡುತ್ತ ಹೋಗುವರು. ಮುನ್ನೂರು ದಾಟಿದರೆ ಒಂದು ಪದ ಹೊಡೆದು ಹಾಕಿ, ಅದರ ಮಂಡಕ್ಕಿಯನ್ನು ಬಾಯಿಗೆ ಹಾಕಿಕೊಳ್ಳುವರು. ಒಮ್ಮೆ ಫ್ಯಾನ್ ಹಾಕಿದ್ದಕ್ಕೆ ಇಡೀ ಲೇಖನ ನೆಲದ ಪಾಲಾಯಿತು.

ಇನ್ನೊಂದು ನಿಯಮ: ಪ್ರಯೋಗ ಮಾಡಿ ನೋಡದೆ ಒಂದಕ್ಷರವನ್ನೂ ಬರೆಯುವಂತಿಲ್ಲ. 'ಶಾವಿಗೆ ಯಾಕೆ ತುಂಡಾಗುತ್ತದೆ?' ಎಂಬ ಮೊದಲ ಲೇಖನಕ್ಕಾಗಿ ಅತ್ತೆ ಆರು ಸಲ ಹಿಟ್ಟು ಬೇಯಿಸಿದರು, ಮಾವ ತಮ್ಮ ಒರಳೊಂದರಲ್ಲಿ ತಾವೇ ಒತ್ತಿ ನೋಡಿ ತೊಳೆದಿಟ್ಟರು, ಮನೆಯವರೆಲ್ಲ ಒಂದು ವಾರ ತುಂಡು ಶಾವಿಗೆಯನ್ನೇ ತಿಂದರು. ಲೇಖನ ಚೆನ್ನಾಗಿಯೇ ಇತ್ತು. ಕೊನೆಯ ಎರಡು ಸಾಲು ಹೀಗಿದ್ದವು: 'ತುಂಡಾಗುವುದು ಹಿಟ್ಟಿನ ದೋಷ. ನಮ್ಮ ಒರಳು ಕೊಂಡರೂ ತುಂಡಾಗುತ್ತದೆ.'

ಎರಡನೆಯ ಲೇಖನ ಇನ್ನೂ ಉಪಯುಕ್ತ! ಹಳೆಯ ಮರದ ಒರಳನ್ನು ಮನೆಯಲ್ಲೇ ರಿಪೇರಿ ಮಾಡುವುದು ಹೇಗೆ? ಬಿರುಕು ಬಿಟ್ಟಲ್ಲಿ ಏನು ತುಂಬಬೇಕು, ಶಾವಿಗೆ ಇಳಿಯುವ ಬಿಲ್ಲೆಯ ತೂತು ಕಟ್ಟಿದರೆ ಹೇಗೆ ಬಿಡಿಸಬೇಕು, ಎಲ್ಲ ಇತ್ತು. ಕೊನೆಗೆ, 'ಇಷ್ಟು ಮಾಡಿದರೆ ಹೊಸದು ಕೊಳ್ಳುವ ಅಗತ್ಯವಿಲ್ಲ.'

"ಮಾವ, ಹಿಂಗ್ ಬರದ್ರೆ ನಮ್ಮದನ್ನ ಯಾರು ತಗಂತಾರೆ?"

"ಹಳೇದು ರಿಪೇರಿ ಆಗದೋರು ತಗಂತಾರೆ."

"ಅವ್ರಿಗೂ ರಿಪೇರಿ ಹೇಳ್ಕೊಟ್ಬಿಟ್ರಲ್ಲ?"

"ಉಪಯೋಗ ಆಗ್ಬೇಕು ಅಂತ ನೀನೇ ಓದಿ ಹೇಳ್ದೆ. ಈಗ ಉಪಯೋಗ ಆದ್ರೆ ಕಷ್ಟ ಅಂತೀಯ. ಒಂದ್ಕಡೆ ನಿಂತ್ಕಂಡು ಮಾತಾಡಪ."

ಆಗಿನ್ನೂ ಇಂಟರ್ನೆಟ್ಟಿನಲ್ಲಿ ಕನ್ನಡ ಅಪರೂಪ, ಇದನ್ನೆಲ್ಲ ಇಂಗ್ಲಿಷಿಗೆ ಮಾಡುವುದು ನನ್ನ ಪಾಲಿನ ಕರ್ಮ. ಒತ್ತು ಶಾವಿಗೆಯನ್ನು ನಾನು 'ರೈಸ್ ನೂಡಲ್ಸ್' ಎಂದು ಬರೆದದ್ದು ಗೊತ್ತಾಗಿ ಮಾವ ಎರಡು ಶನಿವಾರ ನನ್ನ ಜೊತೆ ಮಾತು ಬಿಟ್ಟರು. ಬರುವುದು ಮಾತ್ರ ಬಿಡಲಿಲ್ಲ. ಪುಟದ ಕೆಳಗೆ ಎಷ್ಟು ಜನ ಬಂದು ಹೋದರೆಂದು ತೋರಿಸುವ ಅಂಕಿಯೊಂದಿತ್ತು, ಅದನ್ನು ನೋಡಬೇಕಲ್ಲ! ಹೋದ ವಾರ ಮೂವತ್ತೊಂದು, ಈ ವಾರ ಮೂವತ್ತೆರಡು. "ಬರ್ತಾವ್ರೆ, ನಿಧಾನಕ್ಕೆ ಬರ್ತಾವ್ರೆ" ಎಂದು ಕೈ ಉಜ್ಜಿಕೊಳ್ಳುತ್ತಿದ್ದರು. ನಾವು ಪುಟ ತೆರೆದು ನೋಡಿದಾಗಲೆಲ್ಲ ಅದು ನಮ್ಮನ್ನೇ ಎಣಿಸುತ್ತದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಹೀಗೆ ಎಂಟು ತಿಂಗಳಾದರೂ ಹದಿನಾರು ಒರಳು ಹದಿನಾರೇ ಇದ್ದವು. ಅತ್ತೆ ಒಂದು ದಿನ ಕಸ ಗುಡಿಸುವಾಗ ಒರಳಿಗೆ ಕಾಲು ಎಡವಿ ಗಡುವು ಕೊಟ್ಟರು. "ದೀಪಾವಳಿ ತಂಕ ನೋಡ್ತೀನಿ. ಅಷ್ಟ್ರಾಗೆ ಒಂದಾದ್ರೂ ಮಾರ್ಲಿಲ್ಲ ಅಂದ್ರೆ ಗುಜರಿಯೋರಿಗೆ ಹಾಕ್ತೀನಿ. ಹಬ್ಬಕ್ಕೆ ಮನ್ಯಾಗೆ ಕೂರಾಕೆ ಜಾಗ ಬ್ಯಾಡೇನು?"

ಆ ಶನಿವಾರ ಬಂದಾಗ ಮಾವನ ಮುಖ ಸಣ್ಣದಾಗಿತ್ತು. ಮೂವತ್ತು ವರ್ಷ ಬೇರೆಯವರ ನಕ್ಷೆಗೆ ಕಬ್ಬಿಣ ಕೊರೆದವರು, ತಮ್ಮದೇ ನಕ್ಷೆಯಿಂದ ಮಾಡಿದ ಒಂದೇ ವಸ್ತು ಅದು. ನನಗೂ ಸಂಕಟವಾಯಿತು. "ಮಾವ, ಇದೊಂದ್ಸಲ ಬ್ಯಾರೆ ಏನೂ ಹೇಳ್ಬ್ಯಾಡ್ರಿ. ಈ ಒರಳು ಯಾರಿಗೆ ಬೇಕು, ಯಾಕ ಬೇಕು, ಅಷ್ಟೇ ಬರೀರಿ" ಎಂದೆ.

ಮುಂದಿನ ಶನಿವಾರ ನಾಲ್ಕು ಮಡಿಕೆ ಮಾಡಿದ ಹಾಳೆ ಕೊಟ್ಟರು. "ಇದನ್ನ ಮನ್ಯಾಗೆ ತೋರಿಸ್ಬ್ಯಾಡ" ಎಂದರು. ಮಂಡಕ್ಕಿ ತಂದಿರಲಿಲ್ಲ. ಲೇಖನ ಅರವತ್ತು ಪದವೂ ಇರಲಿಲ್ಲ. ಇದ್ದ ಹಾಗೇ ಪುಟಕ್ಕೆ ಹಾಕಿದೆ.

ದೀಪಾವಳಿಗೆ ಎರಡು ದಿನ ಮುಂಚೆ ನಾನು ಹರಿಹರಕ್ಕೆ ಹೋದೆ. ಗುಜರಿಯವನು ಆಗಲೇ ತಕ್ಕಡಿ ಸಮೇತ ಬಾಗಿಲಲ್ಲಿ ನಿಂತಿದ್ದ. ಮಾವ ಅದನ್ನು ನೋಡಲಾರದೆ ತೆಂಗಿನಕಾಯಿ ತರುವ ನೆಪದಲ್ಲಿ ಹೊರಗೆ ಹೋಗಿದ್ದರು. "ಆರ್ಡರ್ ಏನಾರ ಬಂತಾ?" ಎಂದು ಅತ್ತೆ ಕೇಳಿದರು. ಬಂದಿತ್ತು, ಆರ್ಡರಲ್ಲ, ಒಂದು ಇ-ಮೇಲು. ಅದರ ಪ್ರಿಂಟನ್ನು ಜೇಬಿನಿಂದ ತೆಗೆಯುವಾಗ ಮಾವನ ನಾಲ್ಕು ಮಡಿಕೆಯ ಹಾಳೆಯೂ ಜೊತೆಗೆ ಬಂತು. ಯಾರೋ ಮೈಸೂರಿನವರು ಬರೆದಿದ್ದರು: ನಿಮ್ಮ ಲೇಖನ ಓದಿ ನಮ್ಮ ತಾಯಿಯ ಹಳೆಯ ಒರಳನ್ನು ಸರಿ ಮಾಡಿಕೊಂಡೆವು, ಬಹಳ ಉಪಕಾರವಾಯಿತು, ಹೊಸದು ಬೇಕಾಗಿಲ್ಲ.

ಅತ್ತೆ ಹಣೆ ಚಚ್ಚಿಕೊಂಡರು. "ಇನ್ನೊಂದು ಹಾಳೆ ಯಾತ್ರದ್ದು?"

ತೋರಿಸಬೇಡ ಎಂದಿದ್ದರು ಮಾವ. ಓದಿ ಹೇಳಬೇಡ ಎಂದಿರಲಿಲ್ಲ. ಓದಿದೆ.

'ಮನೆಯ ಗಂಡಸು ಸನ್ನೆಮರಕ್ಕೆ ಭಾರವಾಗದಷ್ಟು ಹಗುರ ಇದ್ದರೆ ಈ ಒರಳು ಬೇಕು. ಮನೆಯ ಹೆಂಗಸಿಗೆ ಒಮ್ಮೆ ಬಲ ಮುಂಗೈ ಮುರಿದು, ಚಳಿಗಾಲದಲ್ಲಿ ನೋಯುತ್ತಿದ್ದರೆ ಬೇಕು. ಆಕೆ ನೋವು ಹೇಳುವುದಿಲ್ಲ, ಶಾವಿಗೆ ಒತ್ತಿದ ದಿನ ಕೈಗೆ ಬಟ್ಟೆ ಸುತ್ತಿಕೊಂಡು ಮಲಗುತ್ತಾಳೆ. ಅಂಥ ಒಬ್ಬಳಿಗಾಗಿ ಇದನ್ನು ಮಾಡಿದೆ. ಹಿಡಿ ಉದ್ದ ಇಟ್ಟಿದ್ದೇನೆ, ಎಡಗೈಯಲ್ಲೂ ತಿರುಗುತ್ತದೆ. ಆಕೆ ಇನ್ನೂ ಬಳಸಿಲ್ಲ, ಆದ್ದರಿಂದ ಚೆನ್ನಾಗಿದೆಯೋ ಇಲ್ಲವೋ ನಾನು ಹೇಳಲಾರೆ.'

ಅತ್ತೆ ತಮ್ಮ ಬಲ ಮುಂಗೈಯನ್ನು ಒಮ್ಮೆ ಸವರಿಕೊಂಡರು. ಆಮೇಲೆ ಗುಜರಿಯವನ ಕಡೆ ತಿರುಗಿ, "ಹೋಗಪ್ಪ, ಇವು ಮಾರಾವಲ್ಲ" ಎಂದರು. ಪಾಪ, ಅತ್ತೆ ಅಷ್ಟು ದಿನ ಅವನ್ನು ಮುಟ್ಟದೆ ಇದ್ದದ್ದು ಯಾಕೆ ಗೊತ್ತೇ? ಮಾರುವ ಸಾಮಾನು, ಮನೆಯಲ್ಲಿ ಬಳಸಿದರೆ ಹಳೆಯದಾಗುತ್ತದೆ ಎಂದು!

ಮಾವ ಕಾಯಿ ಹಿಡಿದು ಬರುವಷ್ಟರಲ್ಲಿ ಒಂದು ಒರಳು ತೊಳೆದು ಒಲೆಯ ಪಕ್ಕ ನಿಂತಿತ್ತು. ಪದ್ಧತಿಯಂತೆ ಭಾರಕ್ಕೆಂದು ಬಂದ ಜೈನಬಿಗೆ ಅತ್ತೆ, "ಇವತ್ತು ಒರಳ ಮ್ಯಾಲೆ ಬ್ಯಾಡ, ಎಲೆ ಮುಂದೆ ಕೂಡ್ರಿ" ಎಂದರು. ಉಂಡೆ ಹಾಕಿ, ಎಡಗೈಯಿಂದ ಹಿಡಿ ತಿರುಗಿಸಿದರು. ಶಾವಿಗೆ ಒಂದೆಳೆಯೂ ತುಂಡಾಗದೆ ಇಳಿಯಿತು.

"ಇಷ್ಟನ್ನ ಬಾಯಿಬಿಟ್ಟು ಹೇಳಾಕೆ ಏನಾಗಿತ್ರಿ ನಿಮಗೆ? ದೇಶಕ್ಕೆಲ್ಲ ಬರದ್ರಿ, ನನಗೊಬ್ಬಳಿಗೆ ಹೇಳ್ಲಿಲ್ಲ" ಎಂದರು ಅತ್ತೆ, ತಲೆ ಎತ್ತದೆ.

ಮಾವ ನನ್ನನ್ನು ಒಮ್ಮೆ ದುರುಗುಟ್ಟಿ ನೋಡಿದರು. ಆಮೇಲೆ ಅತ್ತೆಯ ಕೈಯನ್ನೇ ನೋಡುತ್ತ, ತಮ್ಮ ಲೇತಿನ ಮುಂದೆ ನಿಂತವರ ಹಾಗೆ ಬಾಗಿ ನಿಂತರು. ಅವರ ಕಣ್ಣು ತುಂಬಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ನೋವಾಗ್ತೈತಾ?"

"ಇಲ್ಲ."

ಮಾವ ನನ್ನ ಕಡೆ ತಿರುಗಿದರು. "ಆ ಕಡೇ ಸಾಲು ಐತಲ್ಲ, ತೆಗಿ" ಎಂದರು.

ಹಬ್ಬ ಮುಗಿಸಿ ದಾವಣಗೆರೆಗೆ ಹೋದವನು ಇಂಟರ್ನೆಟ್ ಸೆಂಟರಿನ ಹೊರಗೆ ಚಪ್ಪಲಿ ಬಿಟ್ಟು, 'ಚೆನ್ನಾಗಿದೆಯೋ ಇಲ್ಲವೋ ನಾನು ಹೇಳಲಾರೆ' ಎಂಬ ಆ ಸಾಲನ್ನು ಅಳಿಸಿದೆ.