ನಮ್ಮ ಮನೆಯ ಹೊಗೆ ಟ್ಯಾಂಕು

ಕೆಲವರ ಮನೆಯಲ್ಲಿ ಏನಾದರೊಂದು ಫಜೀತಿ ನಡೆಯುತ್ತಲೇ ಇರುತ್ತದೆ. ನಮ್ಮದು ಅಂಥ ಮನೆ. ಕೊರೊನಾ ಕಾಲದಲ್ಲಿ ಬಾಗಿಲು ಹಾಕಿಕೊಂಡು ಕೂತರೂ ತಪ್ಪಲಿಲ್ಲ.

ಡಬ್ಲಿನ್ನಿನ ಕ್ಯಾಸಲ್‌ನಾಕ್‌ನ ನಮ್ಮ ಮನೆಯಲ್ಲಿ ಆಗ ಇದ್ದದ್ದು ಮೂರೇ ಜನ: ನಾನು, ನನ್ನ ಗಂಡ, ಮತ್ತು ನಾಲ್ಕು ದಿನ ಇದ್ದು ಹೋಗಲು ಮೈಸೂರಿನ ಕಡೆಯಿಂದ ಬಂದು ವಿಮಾನವಿಲ್ಲದೆ ಸಿಕ್ಕಿಬಿದ್ದ ನಮ್ಮತ್ತೆ. ಗಂಡನಿಗೆ ಸಿಗರೇಟಿನ ಚಟ. ದಿನಾ ಶ್ವಾಸಕೋಶದ ಸುದ್ದಿ ಕೇಳಿ ಹೆದರಿಹೋಗಿದ್ದ ನಾನು, ಬಿಟ್ಟೇ ಬಿಡಬೇಕೆಂದು ಹಠ ಹಿಡಿದೆ. ಕೊನೆಗೆ ಅವರ ಸ್ನೇಹಿತರೊಬ್ಬರು ತಮ್ಮ ಹಳೆಯ ಇ-ಸಿಗರೇಟು ಕೊಟ್ಟರು. ಅದಕ್ಕೊಂದು ಪುಟ್ಟ ಗಾಜಿನ ಟ್ಯಾಂಕು, ಒಳಗೆ ತಂತಿಯ ಸುರುಳಿ, ಸುರುಳಿಯೊಳಗೆ ಹತ್ತಿ. ಹಣ್ಣಿನ ಪರಿಮಳದ ದ್ರವ ತುಂಬಿ, ಹತ್ತಿ ನೆನೆದ ಮೇಲೆ ಗುಂಡಿ ಒತ್ತಿ ಎಳೆಯಬೇಕು. ಅದನ್ನು ಮಾರುವ ಅಂಗಡಿಯ ಶಟರ್ ಇಳಿದಿತ್ತು. ಟ್ಯಾಂಕು ಕೆಟ್ಟರೆ ಮತ್ತೆ ಸಿಗರೇಟೇ ಗತಿ. ಇದ್ಯಾವುದೂ ಅತ್ತೆಗೆ ಗೊತ್ತಾಗಬಾರದು ಬೇರೆ.

ಕಮರಿದ ಹತ್ತಿ

ನಮ್ಮವರಿಗೆ ತಾಳ್ಮೆ ಎಲ್ಲಿ? ಮೊದಲ ದಿನ ಹತ್ತಿ ನೆನೆಯುವ ಮೊದಲೇ ಎಳೆದರು. ಒಣ ಹತ್ತಿ ಸುಟ್ಟು ಹೊಗೆ ಗಂಟಲಿಗೆ ಹೊಡೆಯಿತು. ಅದೂ ಆಫೀಸಿನ ಮೀಟಿಂಗ್ ನಡುವೆ. ಕ್ಯಾಮೆರಾ ಆಫ್ ಮಾಡಿದ್ದರು, ಮೈಕ್ ಮರೆತಿದ್ದರು. ಆ ಕೆಮ್ಮು ಕೇಳಿ ಐರಿಶ್ ಮ್ಯಾನೇಜರಮ್ಮ ಗಾಬರಿಯಾದರೆ, ಇವರು ಕಣ್ಣೀರು ಒರೆಸಿಕೊಳ್ಳುತ್ತ ಏನೂ ಆಗಿಲ್ಲ ಎನ್ನಲು ಅಲ್ಲಿಯವರ ಹಾಗೆಯೇ "ಗ್ರ್ಯಾಂಡ್, ಗ್ರ್ಯಾಂಡ್" ಎಂದರು.

ಊಟಕ್ಕೆ ಕೂತಾಗ ಇವರಿಗೆ ಸಾರಿನ ರುಚಿಯೂ ಇಲ್ಲ, ವಾಸನೆಯೂ ಇಲ್ಲ. ಮುಖ ಬಿಳಿಚಿಕೊಂಡು ಹೋಗಿ ಚಿಕ್ಕ ರೂಮ್ ಸೇರಿ ಬಾಗಿಲು ಹಾಕಿಕೊಂಡರು. ನಾನು ಹೊಸಿಲಲ್ಲಿ ತಟ್ಟೆ ಇಟ್ಟು ಬಂದೆ, ಅತ್ತೆ ದೇವರಿಗೆ ಹರಕೆ ಹೊತ್ತರು. ಟೆಸ್ಟ್ ನೆಗೆಟಿವ್ ಬಂತು.

"ಕೊರೊನಾ ಅಲ್ವಂತೆ ಅತ್ತೆ" ಎಂದೆ.

"ಒಳ್ಳೇದಾಯ್ತು ಕಣಮ್ಮ. ರೂಮ್ ತುಂಬ ಹತ್ತಿ ಕಮರಿದ ವಾಸನೆ ಬರ್ತಿತ್ತಲ್ಲ, ಅದಕ್ಕೂ ಏನಾದ್ರೂ ಟೆಸ್ಟ್ ಐತಾ?"

ಅನಾನಸ್ ಎಸೆನ್ಸ್

ದ್ರವದ ಬಾಟಲಿಗೆ ಬೆಳಕು ತಾಗಬಾರದಂತೆ. ಇವರು ಅದನ್ನು ಅಡುಗೆಮನೆಯ ಕಪಾಟಿನ ಮೇಲಿನ ಅರೆಯಲ್ಲಿ ಬಚ್ಚಿಟ್ಟರು. ಕೇಸರಿಬಾತಿಗೆ ದ್ರಾಕ್ಷಿ ಹುಡುಕುತ್ತಿದ್ದ ಅತ್ತೆಯ ಕೈಗೆ ಅದೇ ಸಿಗಬೇಕೆ! ಮುಚ್ಚಳ ತೆಗೆದು ಮೂಸಿ, "ಅನಾನಸ್ ಎಸೆನ್ಸು ಘಮ್ ಅಂತೈತೆ, ಎರಡು ಹನಿ ಹಾಕ್ಲಾ?" ಎಂದರು.

ಇವರು ಮೀಟಿಂಗ್ ಬಿಟ್ಟು ಓಡಿಬಂದರು. "ಅಮ್ಮಾ, ಅದು ವಿಷ! ಅಂದ್ರೆ... ಸ್ಯಾನಿಟೈಸರ್! ಲ್ಯಾಪ್‌ಟಾಪ್ ಒರೆಸೋದು!"

ಮಾರನೆಯ ದಿನ ಮಗನಿಗೆ ಸಹಾಯವಾಗಲೆಂದು ಅತ್ತೆ ಕೈಗೆ ಗ್ಲೌಸ್ ಹಾಕಿಕೊಂಡು, ಇಡೀ ಕೀಬೋರ್ಡನ್ನು ಅದರಲ್ಲೇ ಒರೆಸಿಟ್ಟಿದ್ದರು. ಪಾಕ ಹಿಡಿದ ಹಾಗೆ ಅಂಟಂಟು. ಒತ್ತಿದ ಕೀ ಮೇಲೆ ಬರುತ್ತಿರಲಿಲ್ಲ. ಇವರು ಸಿಟ್ಟು ಮಾಡುವಂತಿಲ್ಲ, ನಿಜ ಹೇಳುವಂತಿಲ್ಲ. "ಥ್ಯಾಂಕ್ಸ್ ಅಮ್ಮ, ಫಳಫಳ ಅಂತಿದೆ" ಎಂದು ಹಲ್ಲು ಕಚ್ಚಿಕೊಂಡು ನಕ್ಕರು. ಅತ್ತೆಗೆ ಹುರುಪು ಬಂದು ಮೌಸನ್ನೂ ಒರೆಸಿಕೊಟ್ಟರು.

ಭಕ್ತಿ

ಟ್ಯಾಂಕನ್ನು ಆಗಾಗ ಬಿಚ್ಚಿ, ಬೆಚ್ಚನೆಯ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಬೇಕು. ಹಾಗೆ ಒಣಗಲು ಇಟ್ಟು ನಾವಿಬ್ಬರೂ ಒಂದು ಸುತ್ತು ವಾಕಿಂಗ್ ಹೋಗಿ ಬರುವುದರೊಳಗೆ ಬಾಯಿಗಿಟ್ಟು ಎಳೆಯುವ ಸ್ಟೀಲಿನ ತುದಿ ಮಾಯ. ಇವರು ಸೋಫಾ ಎತ್ತಿದರು, ಕಸದ ಡಬ್ಬಿ ಕೆದಕಿದರು. ಕಡೆಗೆ ಅತ್ತೆ ಮಂಗಳಾರತಿಗೆ ಕರೆದಾಗ ನೋಡಿದರೆ, ದೇವರ ಮುಂದೆ ಅದೇ ತುದಿ, ಅದರ ತೂತಿನಲ್ಲಿ ಉರಿಯುವ ಊದುಬತ್ತಿ.

"ಸಿಂಕ್ ಪಕ್ಕ ಬಿದ್ದಿತ್ತು ಕಣೋ. ಅಳತೆ ಮಾಡಿಸಿದ ಹಾಗೈತೆ" ಎಂದರು ಅತ್ತೆ.

ಊದುಬತ್ತಿ ಪೂರ್ತಿ ಉರಿಯುವವರೆಗೆ ಇವರು ಕೈಮುಗಿದು, ಕಣ್ಣು ಮಿಟುಕಿಸದೆ ನಿಂತಿದ್ದರು. ಅಷ್ಟು ಭಕ್ತಿಯನ್ನು ನಮ್ಮ ಮದುವೆ ಮಂಟಪದಲ್ಲೂ ನಾನು ಕಂಡಿರಲಿಲ್ಲ.

ಹಾಲು

ಆಮೇಲೊಂದು ದಿನ, ಸುರುಳಿಗೆ ಆಗಾಗ ಹೊಸದಾಗಿ ಹಾಕಬೇಕಾದ ಹತ್ತಿಯ ಪ್ಯಾಕೆಟ್ಟೇ ಮುಗಿಯಿತು. ಅತ್ತೆಯ ಚೀಲದಲ್ಲಿ ದೀಪದ ಬತ್ತಿಗೆಂದು ತಂದ ಹತ್ತಿ ರಾಶಿ ಇತ್ತು, ಕೇಳುವ ಧೈರ್ಯ ಇಬ್ಬರಿಗೂ ಇಲ್ಲ. ಇವರು ಬೆಳಗ್ಗೆಯಿಂದ ಚಡಪಡಿಸಿದರು, ಸುಮ್ಮಸುಮ್ಮನೆ ರೇಗಿದರು. ಮಧ್ಯಾಹ್ನ ಶೂ ಹಾಕಿಕೊಳ್ಳುತ್ತ, "ಅಂಗಡಿಗೆ ಹೋಗಿ ಹಾಲು ತರ್ತೀನಿ" ಎಂದರು.

ಫ್ರಿಜ್ಜಿನಲ್ಲಿ ಹಾಲು ಬೇಕಾದಷ್ಟಿತ್ತು. ಆ ಅಂಗಡಿಯಲ್ಲಿ ಸಿಗರೇಟೂ ಇತ್ತು. ಇಷ್ಟು ದಿನದ ಒದ್ದಾಟವೆಲ್ಲ ನೀರುಪಾಲಾಯಿತಲ್ಲ ಎಂದು ನನಗೆ ಅಳುವೇ ಬಂತು. ಅತ್ತೆಯ ಮುಂದೆ ಬಾಯಿ ಬಿಡುವಂತಿಲ್ಲ.

"ಬಾರೋ ಇಲ್ಲಿ" ಎಂದರು ಸೋಫಾದಲ್ಲಿ ಬತ್ತಿ ಹೊಸೆಯುತ್ತಿದ್ದ ಅತ್ತೆ. ಹೋದವರ ಅಂಗೈಗೆ ನೀಳವಾದ ಹತ್ತಿಯ ಎಳೆಗಳನ್ನು ಹಾಕಿದರು. "ತಗೋ. ಆ ಸುರುಳಿಗೆ ಸರಿಹೋಗೋ ಹಾಗೆ ಹೊಸೆದಿದ್ದೀನಿ. ಈ ಸಲನಾದ್ರೂ ಚೆನ್ನಾಗಿ ನೆನೆಸು, ಕಮರಿಸ್ಬೇಡ. ಸಿಗರೇಟು ಮಾತ್ರ ಮುಟ್ಟಕೂಡ್ದು."

ಇವರು ಒಂದು ಶೂ ಕಾಲಲ್ಲಿ, ಇನ್ನೊಂದು ಶೂ ಕೈಯಲ್ಲಿ, ಹಾಗೇ ನಿಂತುಬಿಟ್ಟರು. "ಅಮ್ಮಾ... ನಿಂಗೆ ಹೆಂಗೆ ಗೊತ್ತಾಯ್ತು?"

"ನಿಮ್ಮಪ್ಪ ಬೀಡಿ ಸೇದೋಕೆ ಹೋಗುವಾಗೆಲ್ಲ ಹಾಲು ತರ್ತೀನಿ ಅಂತಾನೇ ಹೋಗ್ತಿದ್ರು ಕಣೋ" ಎಂದರು ಅತ್ತೆ. "ಹಿತ್ತಿಲಲ್ಲಿ ಕರೆಯೋ ಎಮ್ಮೆ ಎರಡಿದ್ವು."