ಹದಿನಾಲ್ಕು ಹೆಸರಿನ ಕಾಗದ

ನಮ್ಮ ಕೆಲಸವನ್ನು ನಮ್ಮ ಅಂಗಡಿಯೊಳಗೇ ನಮ್ಮಿಂದ ಕಿತ್ತುಕೊಂಡರು. ಸಾಫ್ಟ್‌ವೇರ್ ಮಾರುವ ಏಜೆಂಟ್ ಕುಂದಾಪುರದ ನನ್ನ ಡಿಟಿಪಿ ಅಂಗಡಿಗೆ ಬಂದ, ಹೊಸ ಆವೃತ್ತಿ ಹಾಕಿದ, ಕೇಳದೆ ಹಳೆಯದನ್ನು ಅಳಿಸಿದ, ಚಾ ಕುಡಿದು ಹೋದ. ಮಾರನೆಯ ದಿನ ನಾನೇ ಮಾಡಿದ ಡಿಸೈನುಗಳಲ್ಲಿ ಕೆಲವು ತೆರೆಯಲಿಲ್ಲ, ತೆರೆದವನ್ನು ಓದಲಾಗಲಿಲ್ಲ. ಎರಡು ಮೂರು ವರ್ಷಕ್ಕೊಮ್ಮೆ ಇದು ನಡೆಯುತ್ತದೆ. ನಾವು ನಕ್ಕು ಸುಮ್ಮನಾಗುತ್ತೇವೆ. ಆ ಸಲ ಸಿಕ್ಕಿಬಿದ್ದದ್ದು ಬೈಂದೂರು ಕಡೆಯ ಒಂದು ದೊಡ್ಡ ಮನೆಯ ಹರಕೆಯ ಯಕ್ಷಗಾನ ಬಯಲಾಟದ ಆಮಂತ್ರಣ ಕಾಗದ. ಆಟಕ್ಕೆ ಎಂಟೇ ದಿನವಿತ್ತು.

ಚೌಕಗಳು

ಆ ಮನೆಯ ಯಜಮಾನರು ಎಂದಿನಂತೆ ಬಂದು, "ಹೋದ್ ವರ್ಷದ್ದೇ ಇರ್ಲಿ, ತಾರೀಕ್ ಒಂದ್ ಬದ್ಲ್ ಮಾಡಿ" ಎಂದರು. ತೆರೆದರೆ ಅಕ್ಷರಗಳ ಜಾಗದಲ್ಲಿ ಬರೀ ಚೌಕಗಳು. ಕೆಳಗೆ ಮನೆಯ ಹದಿನಾಲ್ಕು ಗಂಡಸರ ಹೆಸರಿರಬೇಕಿತ್ತು. ಮೊದಲು ಬರಬೇಕಾದವನು ವಯಸ್ಸಿನಲ್ಲಿ ಹಿರಿಯನೋ, ಅಳಿಯಸಂತಾನದ ಲೆಕ್ಕದಲ್ಲಿ ಹಿರಿಯಕ್ಕನ ಮಗನೋ ಎಂದು ಮೂರು ವರ್ಷ ಜಗಳವಾಡಿ ನಿಂತ ಕ್ರಮ ಅದು.

ಯಜಮಾನರು ಕನ್ನಡಕ ಏರಿಸಿ ನೋಡಿದರು. "ಹೀಂಗೇ ಅಚ್ಚ್ ಹಾಕೂಕೆ ಆತಿಲ್ಯಾ ಮಾರಾಯ್ರೆ? ಯಾರೂ ಮೇಲಲ್ಲ, ಯಾರೂ ಕೆಳ್ಗಲ್ಲ."

ಭರಣಿ

ಏಜೆಂಟನಿಗೆ ಫೋನ್ ಮಾಡಿದೆ.

"ನಿಮ್ಮ ಫೈಲ್ ಹಳೆಯದು ಸರ್."

"ಹೋದ ವರ್ಷದ್ದು!"

"ಅದೇ ಸರ್, ಹಳೆಯದು."

ನನಗೆ ತಲೆ ಕೆಟ್ಟಿತು. "ನಮ್ಮನೆ ಉಪ್ಪಿನಕಾಯಿ ಭರಣಿ ನಾಲ್ಕು ವರ್ಷದ್ದು. ಅದು ಈಗಲೂ ತೆರೆಯುತ್ತದೆ!"

"ಅದನ್ನ ಅಪ್‌ಗ್ರೇಡ್ ಮಾಡಿಲ್ಲ ಅಲ್ವಾ ಸರ್" ಎಂದ, ಬಹಳ ವಿನಯದಿಂದ.

ಬೀಗ

ಬ್ರಹ್ಮಾವರದಲ್ಲಿ ಇದೇ ಕೆಲಸ ಮಾಡುವ ಗೆಳೆಯನೊಬ್ಬನಿದ್ದ. ಅವನಲ್ಲಿ ಹಳೆಯ ಆವೃತ್ತಿ ಇದ್ದೀತೆಂದು ಫೈಲಿನ ಸೀಡಿ ಹಿಡಿದು ಬಸ್ಸು ಹತ್ತಿದೆ. ಹೋಗಿ ನೋಡಿದರೆ ಅಂಗಡಿಗೆ ಬೀಗ. ಅದೇ ಏಜೆಂಟ್ ಅಲ್ಲಿಯೂ ಚಾ ಕುಡಿದು ಹೋಗಿದ್ದ.

"ಅವ್ರ್ ಎಲ್ಲಿಗ್ ಹೋಯ್ರ್?" ಎಂದು ಪಕ್ಕದ ಹೋಟೆಲಿನವರನ್ನು ಕೇಳಿದೆ.

"ಕುಂದಾಪ್ರಕ್ಕೆ. ಸೀಡಿ ಹಿಡ್ಕಂಡ್ ನಿಮ್ಮ ಅಂಗ್ಡಿಗೇ ಹೋಯ್ರ್."

ಒಂದೇ ಜೀಪು

ಬೇರೆ ದಾರಿಯಿಲ್ಲದೆ ಹೋದ ವರ್ಷ ಅಚ್ಚಾದ ಕಾಗದ ನೋಡಿ ಹೊಸದಾಗಿ ಟೈಪ್ ಮಾಡಲು ಕೂತೆ. ನಾನು ಟೈಪ್ ಮುಗಿಸುವ ಮೊದಲೇ ಸುದ್ದಿ ಬೈಂದೂರಿಗೆ ಮುಟ್ಟಿತು. ಇಷ್ಟು ವರ್ಷ ಯಾರು ಕೇಳಿದರೂ "ಕಂಪ್ಯೂಟರಿನಲ್ಲಿ ಒಮ್ಮೆ ಕೂತ ಹೆಸರನ್ನು ಕದಲಿಸಲು ಬರುವುದಿಲ್ಲ" ಎಂದು ಸುಳ್ಳು ಹೇಳಿ ಆ ಮನೆಯ ಶಾಂತಿ ಕಾಪಾಡಿದ್ದೆ. ಈಗ ಫೋನಿನ ಮೇಲೆ ಫೋನು. "ಹ್ವಾಯ್, ಹ್ಯಾಂಗೂ ಹೊಸ್ತಾಗಿ ಮಾಡೂದಲ್ದಾ, ನಮ್ಮವ್ರ ಹೆಸ್ರ್ ಒಂಚೂರ್ ಮೇಲ್ ಹಾಕಿ." ಮುಂಬಯಿಯಲ್ಲಿ ಹೋಟೆಲಿಟ್ಟ ಆ ಮನೆಯವರಿಂದಲೂ ಅದೇ ಮಾತು. ಆಟಕ್ಕೆ ನಾಲ್ಕು ದಿನ ಉಳಿದಾಗ ಯಜಮಾನರು ಬೇಸತ್ತು, "ಹೆಸ್ರೇ ಬ್ಯಾಡ. ಮನೆಯವರು ಅಂದ್ ಹಾಕಿ, ಸಾಕ್" ಎಂದರು. ಹಾಗೆಯೇ ಅಚ್ಚಾಯಿತು.

ಕಾಗದ ಹಂಚಿದ ಮರುದಿನ ನನ್ನ ಅಂಗಡಿಯ ಮುಂದೆ ಜೀಪು ನಿಂತಿತು. ಆ ಜಗಳದಲ್ಲಿ ಮೂರು ವರ್ಷ ಮುಖ ತಿರುಗಿಸಿಕೊಂಡಿದ್ದವರು ಒಬ್ಬರ ತೊಡೆಯ ಮೇಲೊಬ್ಬರು ಕೂತು ಬಂದಿದ್ದರು. "ನಮ್ಮ ಹೆಸ್ರ್ ತೆಗ್ದದ್ ಯಾರ್?" ಎಂದು ಎಲ್ಲರದೂ ಒಂದೇ ಸ್ವರ. ಎಲ್ಲಕ್ಕಿಂತ ಜೋರು ಸ್ವರ ಮುಂದಿನ ಸೀಟಿನಿಂದ ಬಂತು. ಅಲ್ಲಿದ್ದವರು ಯಜಮಾನರು.

"ಎಲ್ರದ್ದೂ ತೆಗಿ ಅಂದೆ, ಹೌದ್. ನನ್ ಹೆಸ್ರೂ ತೆಗಿ ಅಂದ್ನಾ?"

ಬೈಗುಳ ನನಗೆ; ಹಳೆಯ ಆವೃತ್ತಿ ಅಳಿಸಿದ ಏಜೆಂಟ್ ಇನ್ನೊಂದು ಊರಿನಲ್ಲಿ ಚಾ ಕುಡಿಯುತ್ತಿದ್ದ. ಇನ್ನು ನಗುವುದು ಸಾಕು. ಗಿರಾಕಿಗಳೇ, ನೀವು ದುಡ್ಡು ಕೊಟ್ಟು ಮಾಡಿಸಿದ ಡಿಸೈನು ನಿಮ್ಮದು. ನಾಳೆಯೇ ಅಂಗಡಿಗೆ ಹೋಗಿ, ಎಲ್ಲಿಯೂ ತೆರೆಯುವ ಹಾಗೆ ಅದರ ಪ್ರತಿ ಕೇಳಿ ತೆಗೆದುಕೊಳ್ಳಿ. ಅಂಗಡಿ ನಡೆಸುವವರೇ, ಹಳೆಯದನ್ನು ಅಳಿಸಲು ಕೈ ಹಾಕಿದವನ ಕೈ ಅಲ್ಲೇ ಹಿಡಿಯಿರಿ. ನಿಮ್ಮ ಹಳೆಯ ಕೆಲಸವನ್ನೆಲ್ಲ ನಿಮ್ಮ ಕಣ್ಣೆದುರೇ ಒಂದೊಂದಾಗಿ ತೆರೆದು ತೋರಿಸುವವರೆಗೆ ಅವನನ್ನು ಬಾಗಿಲು ದಾಟಲು ಬಿಡಬೇಡಿ.